ಅಪ್ಪನ 800ಕ್ಕೆ ಬುಷ್ ಹುಡುಕಿದ ಕಥೆ

ನಮ್ಮ ಮನೆಯ ಮಾರುತಿ 800 ಕೊಂಡದ್ದು 2004ರಲ್ಲಿ. ಈ ಕಾರಿನ ತಯಾರಿಕೆ ನಿಂತದ್ದು 2014ರಲ್ಲಿ. ಅದೇ ವರ್ಷ ನಮ್ಮ ಗುಲಬರ್ಗಾ ಕಾಗದದ ಮೇಲೂ ಕಲಬುರಗಿ ಆಯಿತು. ಅಪ್ಪ ಮಾತ್ರ ಊರಿಗೆ ಹಳೆ ಹೆಸರನ್ನೂ ಬಿಡಲಿಲ್ಲ, ಹಳೆ ಗಾಡಿಯನ್ನೂ ಬಿಡಲಿಲ್ಲ.

ಎರಡು ವರ್ಷದ ಹಿಂದೆ ಸ್ಪೀಡ್ ಬ್ರೇಕರ್ ಇಳಿಸುವಾಗ ಮುಂದಿನ ಎಡಗಡೆ 'ಟಕ್' ಅನ್ನೋಕೆ ಶುರುವಾಯಿತು. ಜೋರಾಗಿ ಬ್ರೇಕ್ ಒತ್ತಿದರೆ ಸ್ಟೇರಿಂಗ್ ಎಡಕ್ಕೆ ಎಳೆಯುತ್ತಿತ್ತು. ಒಂದು ಗ್ಯಾರೇಜಿನಲ್ಲಿ ಶಾಕ್ ಅಬ್ಸಾರ್ಬರ್ ಹೋಗಿದೆ ಅಂದರು. ಎರಡೂ ಬದಲಿಸಿದೆ. ದುಡ್ಡು ಹೋಯಿತು, ಸದ್ದು ಹೋಗಲಿಲ್ಲ.

ಆಮೇಲೆ ನಾನೇ ಕೆಳಗೆ ಮಲಗಿ ನೋಡಿದೆ. ಜಾಕ್ ಏರಿಸಿ, ಸ್ಟ್ಯಾಂಡ್ ಕೊಟ್ಟು, ಚಕ್ರವನ್ನು ಕೆಳಗಿನಿಂದ ಗಾಡಿಗೆ ಜೋಡಿಸುವ ಲೋವರ್ ಆರ್ಮ್ ಸಂದಿಗೆ ಸಣ್ಣ ಸಬ್ಬಲ್ ಹಾಕಿ ಮೀಟಿದರೆ ಆರ್ಮ್ ಸಲೀಸಾಗಿ ಹಿಂದೆ ಮುಂದೆ ಹೋಗುತ್ತಿತ್ತು. 800ರಲ್ಲಿ ಸ್ಟೆಬಿಲೈಜರ್ ಬಾರ್, ಅಂದರೆ ಮುಂದಿನ ಎರಡು ಚಕ್ರಗಳ ನಡುವಿನ ಕಬ್ಬಿಣದ ಸರಳಿನ ತುದಿ ನೇರ ಲೋವರ್ ಆರ್ಮಿಗೇ ಸೇರುತ್ತದೆ. ಆರ್ಮ್ ಹಿಂದೆ ಮುಂದೆ ಸರಿಯದಂತೆ ಹಿಡಿಯೋದು ಅದೇ. ಅಲ್ಲಿನ ಬುಷ್, ಅಂದರೆ ಕಬ್ಬಿಣದ ಭಾಗಗಳು ಕೂಡುವಲ್ಲಿ ಕೂರುವ ರಬ್ಬರ್ ಬಳೆ, ಸವೆದರೆ ಬ್ರೇಕ್ ಒತ್ತಿದಾಗ ಆ ಕಡೆಯ ಚಕ್ರ ಹಿಂದಕ್ಕೆ ಜರುಗುತ್ತದೆ, ಗಾಡಿ ಎಳೆಯುತ್ತದೆ. ರಬ್ಬರಿನ ಮೇಲೆ ಸಣ್ಣ ಬಿರುಕು ಕಂಡ ಕೂಡಲೇ ಗಾಬರಿ ಬೇಡ, ಹಳೆ ರಬ್ಬರಿಗೆ ಅದು ಇದ್ದದ್ದೇ. ಬುಷ್ ಒಳಗಿನ ಕಬ್ಬಿಣದ ಕೊಳವೆಯಿಂದ ರಬ್ಬರ್ ಬಿಟ್ಟುಕೊಂಡಿದ್ದರೆ ಬದಲಿಸಲೇಬೇಕು. ನಮ್ಮದರಲ್ಲಿ ಲೋವರ್ ಆರ್ಮಿನ ಬುಷ್ ಪೂರ್ತಿ ಬಿಟ್ಟುಕೊಂಡಿತ್ತು, ಸ್ಟೆಬಿಲೈಜರ್ ಬುಷ್ ಅಂಡಾಕಾರ ಆಗಿತ್ತು.

ನಮ್ಮೂರ ಸೂಪರ್ ಮಾರ್ಕೆಟ್ ಪೇಟೆ ಕಡೆ ಹೋಗಿ, ಕೇಳಿದ ಮೊದಲ ಅಂಗಡಿಯಲ್ಲೇ ಅಗ್ಗದ ಸೆಟ್ ತಂದೆ. ಕೈಗೆ ಗಟ್ಟಿಯಾಗಿತ್ತು. ಗಟ್ಟಿ ಇದ್ದರೆ ಜಾಸ್ತಿ ಬಾಳುತ್ತೆ ಅಲ್ವಾ ಅಂದುಕೊಂಡೆ. ಮನೆ ಮುಂದೆಯೇ, ಗಾಡಿ ಜಾಕಿನ ಮೇಲಿದ್ದಾಗಲೇ, ಬೋಲ್ಟುಗಳನ್ನೆಲ್ಲ ಬಲವಾಗಿ ಬಿಗಿದೆ. ನಾಲ್ಕೇ ತಿಂಗಳಿಗೆ ಮತ್ತೆ ಟಕ್.

ಈ ಸಲ ಬಿಚ್ಚಿದ ಬುಷ್‌ಗಳನ್ನು ಚೀಲಕ್ಕೆ ಹಾಕಿಕೊಂಡು ರಿಂಗ್ ರೋಡಿನಲ್ಲಿರುವ ಹಳೇ ಮೆಕ್ಯಾನಿಕ್ ಉಸ್ತಾದರ ಹತ್ತಿರ ಹೋದೆ. ಅವರು ಎರಡೂ ಬುಷ್ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ ನಕ್ಕರು.

"ಗಾಡಿ ಮ್ಯಾಲಿದ್ದಾಗನ ಟೈಟ್ ಮಾಡೀರಲ್ಲ ಸರ?"

"ಹೌದ್ರಿ. ನಿಮಗ ಹ್ಯಾಂಗ ಗೊತ್ತಾತು?"

"ಎರಡೂ ಒಂದ ಕಡಿ ಹರದಾವ ನೋಡ್ರಿ. ಇದು ಬೇರಿಂಗ್ ಅಲ್ರಿ, ತಿರುಗಂಗಿಲ್ಲ. ತಿರುಚಿಕೊಳ್ತದ."

ಆ ಒಂದು ಮಾತಿನಿಂದ ನನಗೆ ಇಡೀ ವಿಷಯ ತಿಳಿಯಿತು. ಬೋಲ್ಟ್ ಬಿಗಿದಾಗ ಒಳಗಿನ ಕೊಳವೆ ಫ್ರೇಮಿಗೆ ಕಚ್ಚಿಕೊಳ್ಳುತ್ತದೆ. ಹೊರಗಿನ ಕೊಳವೆ ಆರ್ಮಿನೊಳಗೆ ಬಿಗಿಯಾಗಿ ಕೂತಿರುತ್ತದೆ. ಚಕ್ರ ಮೇಲೆ ಕೆಳಗೆ ಆದಂತೆಲ್ಲ ತಿರುಚಿಕೊಳ್ಳೋದು ನಡುವಿನ ರಬ್ಬರ್ ಮಾತ್ರ. ಚಕ್ರ ನೇತಾಡುತ್ತಿದ್ದಾಗ ಬಿಗಿದರೆ ಆ ನೇತಾಡುವ ಸ್ಥಿತಿಯೇ ರಬ್ಬರಿನ ಪಾಲಿಗೆ ವಿಶ್ರಾಂತಿಯ ಜಾಗ. ಗಾಡಿ ನೆಲಕ್ಕೆ ಇಳಿಸಿದ ಕೂಡಲೇ ರಬ್ಬರ್ ತಿರುಚಿಕೊಂಡು ನಿಲ್ಲುತ್ತದೆ, ರಾತ್ರಿ ಹಗಲು. ಅದರ ಮೇಲೆ ಹಳ್ಳ ಬಿದ್ದರೆ ಹರಿಯದೆ ಇನ್ನೇನು ಮಾಡೀತು? ನಾನು ತಂದ ಗಟ್ಟಿ ರಬ್ಬರ್ ತಿರುಚಿಕೊಳ್ಳಲು ಇನ್ನೂ ಒಲ್ಲೆ ಅನ್ನುವಂಥದ್ದು.

ಹೀಗಾಗಿ ಎರಡನೇ ಸಲ ಮೆತ್ತಗಿನದನ್ನೇ ಹುಡುಕಿದೆ. ಬೆಂಗಳೂರಿನಲ್ಲಿರುವ ತಮ್ಮ ರಬ್ಬರಿನ ಬದಲು ಪಾಲಿಯುರೆಥೇನ್ ಅನ್ನೋ ಗಟ್ಟಿ ಪ್ಲಾಸ್ಟಿಕ್ಕಿನ ಬುಷ್ ಹಾಕಿಸು, ಮತ್ತೆ ಬಿಚ್ಚೋ ಕೆಲಸವೇ ಇಲ್ಲ ಅಂದ. ಅವನು ಹೇಳಿದ್ದರಲ್ಲೂ ಹುರುಳಿದೆ. ಅದು ಎಣ್ಣೆಗೆ ಅಷ್ಟಾಗಿ ಹೆದರುವುದಿಲ್ಲ, ತಿರುವಿನಲ್ಲಿ ಚಕ್ರವನ್ನು ಅಲುಗದಂತೆ ಹಿಡಿಯುತ್ತದೆ. ಆದರೆ ಅದು ತಿರುಚಿಕೊಳ್ಳುವುದಿಲ್ಲ, ಕೊಳವೆಯ ಮೇಲೆ ಜಾರುತ್ತದೆ. ಜಾರಬೇಕೆಂದರೆ ಸಿಲಿಕೋನ್ ಗ್ರೀಸ್ ಬೇಕು. ಗ್ರೀಸ್ ಒಣಗಿದರೆ ಕಿರ್ ಕಿರ್ ಅನ್ನುತ್ತದೆ. ನಮ್ಮ ಕಡೆಯ ಧೂಳು ಗೊತ್ತಲ್ಲ. ಸೇಡಂ, ವಾಡಿ ಕಡೆ ಒಂದು ಸಲ ಹೋಗಿ ಬಂದರೆ ಗಾಡಿಯ ಬಣ್ಣವೇ ಬದಲಾಗಿರುತ್ತದೆ. ಆ ಪುಡಿ ಗ್ರೀಸಿಗೆ ಸೇರಿದರೆ ಅರೆಯುವ ಕಲ್ಲಿನ ಕೆಲಸ ಮಾಡುತ್ತದೆ. ಇನ್ನು ಎರೆ ಮಣ್ಣು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ, ಮೇಲಿನ ಡಾಂಬರು ಅಲೆ ಅಲೆ ಆಗುತ್ತದೆ. ಇಂಥ ದಾರಿಯಲ್ಲಿ ಗಟ್ಟಿ ಬುಷ್ ಹಾಕಿದರೆ ಪ್ರತಿ ಅಲೆಯೂ ಅಪ್ಪನ ಸೊಂಟಕ್ಕೇ ತಲುಪುತ್ತದೆ. ರೇಸಿಗೆ ಹೋಗೋರು ಬೇಕಾದರೆ ಹಾಕಿಕೊಳ್ಳಲಿ. ನಾವು ಹೋಗೋದು ಗಾಣಗಾಪುರಕ್ಕೆ.

ಕಂಪನಿಯ ರಬ್ಬರ್ ಬುಷ್ಷೇ ಇರಲಿ ಅಂತ ಮೂರು ಅಂಗಡಿ ಸುತ್ತಿದೆ. ಹಳೇ ಬುಷ್ ಮತ್ತು ಅಳತೆಗೆ ಒಂದು ವರ್ನಿಯರ್ ಜೇಬಿನಲ್ಲೇ ಇದ್ದವು. ಹೊರ ಅಳತೆ, ಒಳ ಅಳತೆ, ಉದ್ದ ಮೂರೂ ಕೂಡಬೇಕು. ಒಳ ಕೊಳವೆ ರಬ್ಬರಿಗಿಂತ ಚೂರು ಹೊರಗೆ ಚಾಚಿರಬೇಕು, ಇಲ್ಲದಿದ್ದರೆ ಬೋಲ್ಟ್ ಬಿಗಿದಾಗ ಕೊಳವೆಯ ಬದಲು ರಬ್ಬರ್ ಸಿಕ್ಕಿಕೊಳ್ಳುತ್ತದೆ. ಉಗುರು ಒತ್ತಿದರೆ ರಬ್ಬರ್ ತಗ್ಗಿ ತಟ್ಟನೆ ಮೇಲೇಳಬೇಕು. ಒಬ್ಬರು ಒಳ್ಳೆ ಮಾಲೇ ಕೊಟ್ಟರು, ಆದರೆ ಬಾಗಿಲ ಬಳಿ ಬಿಸಿಲಿಗೆ ನೇತುಹಾಕಿದ್ದು. ಮೇ ತಿಂಗಳ ನಮ್ಮ ಬಿಸಿಲು ಉಂಡ ರಬ್ಬರ್ ಬೇಡ ಅಂದೆ. "ಭಾಳ ಪರೀಕ್ಷಾ ಮಾಡ್ತೀರಿ ಬಿಡ್ರಿ ಸರ" ಅಂತ ಗೊಣಗುತ್ತಲೇ ಒಳಗಿನಿಂದ ಬೇರೆ ಡಬ್ಬಿ ತಂದುಕೊಟ್ಟರು. ಬೆಲೆ ಮೊದಲಿನದಕ್ಕಿಂತ ಎರಡು ಪಟ್ಟು. ಎಡ ಬಲ ಎರಡಕ್ಕೂ ತಂದೆ. ಆರ್ಮಿನ ಚಕ್ರದ ಕಡೆಯ ತುದಿಯ ಬಾಲ್ ಜಾಯಿಂಟ್ ಕೂಡ ಸಡಿಲಾಗಿ ಆಡುತ್ತಿದ್ದರೆ ಬರೀ ಬುಷ್ ತರೋದು ದಂಡ, ಪೂರ್ತಿ ಆರ್ಮ್ ತಂದುಬಿಡಿ. ನಮ್ಮದು ಚೆನ್ನಾಗಿಯೇ ಇತ್ತು.

ಆರ್ಮಿನೊಳಗೆ ಕೂರಿಸುವ ಕೆಲಸ ಉಸ್ತಾದರ ಪ್ರೆಸ್‌ನಲ್ಲಿ (ಒತ್ತಿ ಕೂರಿಸುವ ಯಂತ್ರ) ಹತ್ತು ನಿಮಿಷಕ್ಕೆ ಮುಗಿಯಿತು. ಸುತ್ತಿಗೆ ಮುಟ್ಟಲೇ ಇಲ್ಲ. ಸ್ಟೆಬಿಲೈಜರ್ ಬುಷ್ ಜಾರಿಸಲು ಸೋಪಿನ ನೀರು ಸಾಕು. ಎಂಜಿನ್ ಆಯಿಲ್ ಅಂತೂ ಹಚ್ಚಲೇಬೇಡಿ, ರಬ್ಬರ್ ಉಬ್ಬಿ ಹಾಳಾಗುತ್ತದೆ.

ಕೊನೆಯ ಬಿಗಿತದ್ದೇ ಚಿಂತೆ ಇತ್ತು. ಗಾಡಿ ನೆಲದ ಮೇಲಿದ್ದರೆ ಕೆಳಗೆ ಪಾನಾ ಆಡಿಸಲು ಜಾಗ ಇಲ್ಲ. ಅಂಗಳದಲ್ಲಿ ಶಹಾಬಾದ್ ಕಲ್ಲು ಹಾಸಿ ಉಳಿದ ದಪ್ಪ ಚಪ್ಪಡಿಗಳು ಬಿದ್ದಿದ್ದವು. ನಾಲ್ಕೂ ಚಕ್ರದ ಕೆಳಗೆ ಎರಡೆರಡು ಅಡ್ಡ ಮಲಗಿಸಿ, ಗಾಡಿ ಇಳಿಸಿ, ಅತ್ತಿತ್ತ ಜಗ್ಗಿ ಕುಲುಕಿ, ಆಮೇಲೆ ಬಿಗಿದೆ. ಒಂದು ಎಚ್ಚರಿಕೆ: ಕಲ್ಲು ಟೈರಿನ ಕೆಳಗೆ ಮಾತ್ರ. ಜಾಕ್ ಸ್ಟ್ಯಾಂಡಿನ ಬದಲು ಗಾಡಿಯ ಮೈಗೆ ಕಲ್ಲಿನ ಆಸರೆ ಕೊಟ್ಟು ಅದರ ಕೆಳಗೆ ಮಲಗಬೇಡಿ. ಆ ಕಲ್ಲು ಪದರ ಪದರವಾಗಿ ಸೀಳುತ್ತದೆ.

ಮರುದಿನ ಅಲೈನ್‌ಮೆಂಟ್ ಮಾಡಿಸಿದೆ. ಆಳಂದ ರಸ್ತೆಯಲ್ಲಿ ಅಪ್ಪನನ್ನು ಕೂರಿಸಿಕೊಂಡು ಒಂದು ಸುತ್ತು ಹೋದೆ. ಬ್ರೇಕ್ ಒತ್ತಿದರೆ ನೇರ ನಿಂತಿತು. ಟಕ್ ಇಲ್ಲ. ಅದಾಗಿ ಒಂದೂವರೆ ವರ್ಷ ಆಯಿತು, ಇನ್ನೂ ಸದ್ದಿಲ್ಲ. ಅಪ್ಪನ ಕಿವಿ ಮಾತ್ರ ಸುಮ್ನೆ ಕೂರುವುದಿಲ್ಲ. ಈಗ ಹಿಂದಿನಿಂದ ಏನೋ ಸದ್ದು ಬರುತ್ತಿದೆ ಅನ್ನುತ್ತಾರೆ. ತೊಗರಿ ರಾಶಿ ಮುಗಿಯಲಿ, ಆ ಬುಷ್‌ಗಳನ್ನೂ ಬಿಚ್ಚಿ ನೋಡುತ್ತೇನೆ.