ಸೈಕಲ್ ಬಾಟಲಿಗೆ ಲಿಂಬೆ ಚಹಾ, ಅಳತೆಯ ಉಪ್ಪು

ಏಪ್ರಿಲ್ ಬಂತೆಂದರೆ ಬಳ್ಳಾರಿಯಲ್ಲಿ ಬೆಳಿಗ್ಗೆ ಎಂಟಕ್ಕೇ ಬಿಸಿಲು ಚುರುಗುಟ್ಟುತ್ತದೆ. ಭಾನುವಾರ ತೋರಣಗಲ್ಲಿನ ಕಡೆ ಸೈಕಲ್ ತುಳಿದು ವಾಪಸ್ ಬಂದಾಗ ಕಪ್ಪು ಅಂಗಿಯ ಬೆನ್ನ ಮೇಲೆ ಬಿಳಿ ಗೆರೆ ಎದ್ದಿರುತ್ತಿತ್ತು. ಬೆವರಿನ ಉಪ್ಪು. ಎರಡು ಬಾಟಲಿ ನೀರು ಕುಡಿದಿದ್ದರೂ ಮಧ್ಯಾಹ್ನದವರೆಗೆ ತಲೆ ಭಾರ, ಕೈಕಾಲಲ್ಲಿ ತ್ರಾಣ ಇರುತ್ತಿರಲಿಲ್ಲ. ಹೋದ ಉಪ್ಪನ್ನು ಮೈಗೆ ವಾಪಸ್ ಕೊಡುತ್ತಿಲ್ಲವಲ್ಲ ಅನ್ನಿಸಿತು.

ತಣ್ಣನೆ ಚಹಾ ಮತ್ತು ಲಿಂಬೆ ಶರಬತ್ತು ಬೆರೆಸಿ ಕುಡಿಯುವುದು ಅಮೆರಿಕದಲ್ಲಿ ಹಳೆಯ ರೂಢಿ. ಗಾಲ್ಫ್ ಆಟಗಾರ ಆರ್ನಾಲ್ಡ್ ಪಾಮರ್ ಹೆಸರೇ ಅದಕ್ಕಿದೆ. ನಾನು ಅದಕ್ಕೆ ಉಪ್ಪು, ಎಳನೀರು ಸೇರಿಸಿಕೊಂಡೆ.

ಒಂದು ಲೀಟರಿಗೆ ನನ್ನ ಅಳತೆ ಇದು: 400 ಮಿ.ಲೀ. ನೀರು ಕುದಿಸಿ ಇಳಿಸಿ, ಎರಡು ಚಮಚ ಚಹಾ ಎಲೆ ಹಾಕಿ ಮುಚ್ಚುತ್ತೇನೆ. ಮೂರೇ ನಿಮಿಷಕ್ಕೆ ಸೋಸಬೇಕು, ಬಿಟ್ಟರೆ ಒಗರು. ಬಿಸಿ ಇರುವಾಗಲೇ ಆರು ಚಮಚ ಸಕ್ಕರೆ, ಕಾಲು ಚಮಚ ಪುಡಿ ಉಪ್ಪು ಹಾಕಿ ಕರಗಿಸುತ್ತೇನೆ. ಚಮಚ ಎಲ್ಲ ಟೀ ಚಮಚ, ಮಟ್ಟಸ. ಪೂರ್ತಿ ಆರಿದ ಮೇಲೆ ಎರಡು ಲಿಂಬೆಹಣ್ಣಿನ ರಸ, ಒಂದು ಲೋಟ ಎಳನೀರು, ಉಳಿದದ್ದು ಮಡಕೆಯ ತಣ್ಣೀರು.

ಲಿಂಬೆರಸ ಬೀಳುವ ಗಳಿಗೆ ನೋಡಬೇಕು. ಕಡು ಕಂದು ಚಹಾ ಕಣ್ಣೆದುರೇ ತಿಳಿಯಾಗುತ್ತಾ ಜೇನಿನ ಬಣ್ಣಕ್ಕೆ ತಿರುಗುತ್ತದೆ. ಹುಳಿ ತಗುಲಿದರೆ ಚಹಾದ ಬಣ್ಣ ತೆಳುವಾಗುವುದು ಅದರ ಗುಣ. ಮೊದಮೊದಲು ಅವಸರಕ್ಕೆ ಬಿಸಿ ಡಿಕಾಕ್ಷನ್ನನ್ನೇ ಫ್ರಿಜ್ಜಿಗಿಡುತ್ತಿದ್ದೆ, ಮಬ್ಬು ಮಬ್ಬಾಗಿ ಬರುತ್ತಿತ್ತು. ಚಹಾದ ಕೆಫೀನ್ ಮತ್ತು ಒಗರಿನ ಅಂಶಗಳು ತಣ್ಣಗಾಗುವಾಗ ಒಂದಕ್ಕೊಂದು ಅಂಟಿಕೊಳ್ಳುವುದರಿಂದ ಹಾಗಾಗುತ್ತದೆ; ಕುಡಿದರೆ ತೊಂದರೆಯಿಲ್ಲ. ಈಗ ನೀಲಗಿರಿ ಬೆಟ್ಟದ ಚಹಾ ಎಲೆ ತರುತ್ತೇನೆ, ತಾನಾಗಿ ಆರಲು ಬಿಡುತ್ತೇನೆ. ಗಾಜಿನಷ್ಟು ತಿಳಿಯಾಗಿರುತ್ತದೆ.

ಉಪ್ಪಿನ ವಿಷಯದಲ್ಲಿ ಮಾತ್ರ ನಾನು ಕಟ್ಟುನಿಟ್ಟು. ಚಿಟಿಕೆ ಲೆಕ್ಕ ಬೇಡ. ಒಬ್ಬೊಬ್ಬರ ಚಿಟಿಕೆ ಒಂದೊಂದು. ಕಾಲು ಚಮಚವೆಂದರೆ ಸುಮಾರು ಒಂದೂವರೆ ಗ್ರಾಂ, ಅದರಲ್ಲಿ ಸೋಡಿಯಂ ಹತ್ತಿರಹತ್ತಿರ 600 ಮಿ.ಗ್ರಾಂ. ಪೊಟ್ಯಾಸಿಯಂ ಎಳನೀರಿನಿಂದ ಬರುತ್ತದೆ. ಸಕ್ಕರೆಯನ್ನೂ ಪೂರ್ತಿ ಬಿಡಬೇಡಿ: ಕರುಳಿನಲ್ಲಿ ಗ್ಲೂಕೋಸ್ ಮತ್ತು ಸೋಡಿಯಂ ಜೊತೆಯಾಗಿ ಒಳಹೋಗುತ್ತವೆ, ನೀರು ಅವುಗಳ ಹಿಂದೆಯೇ ಹೋಗುತ್ತದೆ. ಓಆರ್‌ಎಸ್ ಕೆಲಸ ಮಾಡುವುದೂ ಹೀಗೆಯೇ. ಆದರೆ ವಾಂತಿ ಭೇದಿಗೆ ಇದನ್ನು ಕೊಡಬೇಡಿ. ಓಆರ್‌ಎಸ್‌ನಲ್ಲಿ ಸೋಡಿಯಂ ಇದರ ಮೂರು ಪಟ್ಟಿಗೆ ಹತ್ತಿರ. ಕಾಯಿಲೆಗೆ ಆ ಪೊಟ್ಟಣವೇ ಬೇಕು. ಬಿಪಿ, ಸಕ್ಕರೆ ಕಾಯಿಲೆ ಅಥವಾ ಮೂತ್ರಪಿಂಡದ ತೊಂದರೆ ಇದ್ದವರು ಡಾಕ್ಟರನ್ನು ಕೇಳಿಯೇ ಕುಡಿಯಬೇಕು.

ಎಳನೀರು ಬೆರೆಸಿದ್ದು ಬೇಗ ಹುಳಿ ಹಿಡಿಯುತ್ತದೆ, ಅದೇ ದಿನ ಮುಗಿಸಿ. ಮಕ್ಕಳಿಗೆ ಚಹಾ ಬಿಟ್ಟು ಮಾಡಿಕೊಡುತ್ತೇನೆ.

ಮನೆಯಲ್ಲಿ ಕೂತು ರುಚಿ ನೋಡಿದರೆ ತುಸು ಉಪ್ಪುಪ್ಪು ಅನ್ನಿಸುತ್ತದೆ. ಇಪ್ಪತ್ತು ಕಿಲೋಮೀಟರ್ ತುಳಿದ ಮೇಲೆ ಜಾಲಿ ಮರದ ನೆರಳಲ್ಲಿ ಅದೇ ಬಾಟಲಿ ತೆರೆದಾಗ ಸಿಹಿ, ಹುಳಿಯಷ್ಟೇ ನಾಲಿಗೆಗೆ ಸಿಗುತ್ತವೆ.