ಪಂಥ ಬಿಟ್ಟು ಹೊರಬಂದದ್ದು: ಮೊದಲು ಕಾಗದ, ಆಮೇಲೆ ಕಾಸು, ಕೊನೆಗೆ ಮಾತು

ಶಿರಸಿ ಸೀಮೆಯ ಒಂದು ಗುರುಪಂಥದಿಂದ ಹೊರಬರಲು ನನಗೆ ಏಳು ತಿಂಗಳ ತಯಾರಿ ಬೇಕಾಯಿತು. ಏನು ಉಡಬೇಕು, ಯಾರ ಮನೆಯಲ್ಲಿ ನೀರು ಕುಡಿಯಬಾರದು, ಫೋನು ಎಷ್ಟು ಹೊತ್ತು, ಮದುವೆ ಯಾರ ಜೊತೆ ಎಂಬುದನ್ನೆಲ್ಲ ಹಿರಿಯರೇ ತೀರ್ಮಾನಿಸುವ ಪಂಥ. ಹೆಸರು ಇಲ್ಲಿ ಬೇಡ. ಆಮೇಲೆ ಬೇರೆ ಬೇರೆ ಧರ್ಮದ ಬಿಗಿ ಗುಂಪುಗಳಿಂದ ಬಂದ ಐದಾರು ಜನರ ಜೊತೆ ನಿಂತಾಗ ಗೊತ್ತಾಯಿತು, ತೊಡಕು ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ. ಎಡವುವ ಜಾಗವೂ ಒಂದೇ: ಮನಸ್ಸು ಗಟ್ಟಿಯಾದ ದಿನವೇ "ನಾನು ಬಿಡ್ತೇನೆ" ಎಂದು ಹೇಳಿಬಿಡುವುದು. ಹೇಳಿದ ರಾತ್ರಿಯೇ ಕಪಾಟಿಗೆ ಬೀಗ ಬೀಳುತ್ತದೆ, ಫೋನು ಕೈತಪ್ಪುತ್ತದೆ, ಮಾರನೇ ದಿನ ದೊಡ್ಡವರು ಬಂದು ಜಗಲಿಯಲ್ಲಿ ಕೂರುತ್ತಾರೆ. ಹಾಗಾಗಿ ಕ್ರಮ ಬಹಳ ಮುಖ್ಯ. ಕಾಗದಪತ್ರ ಮೊದಲು, ಹಣ ಎರಡನೆಯದು, ಇರುವ ಜಾಗ ಮೂರನೆಯದು. ಹೇಳುವುದು ಎಲ್ಲಕ್ಕಿಂತ ಕೊನೆಗೆ, ಅದೂ ಹೊರಗೆ ಬಂದು ಕೂತ ಮೇಲೆ.

ಹೊಡೆತ, ಕೂಡಿಹಾಕುವುದು, ಬಲವಂತದ ಮದುವೆಯ ಮಾತು ಇದ್ದರೆ ಈ ಕ್ರಮಕ್ಕೆ ಕಾಯಬೇಡಿ. 112ಕ್ಕೆ ಕರೆ ಮಾಡಿ. ಹೆಣ್ಣುಮಕ್ಕಳಿಗೆ 181, ಹದಿನೆಂಟು ತುಂಬದವರಿಗೆ 1098. ಹೆಣ್ಣುಮಕ್ಕಳಿಗಾಗಿ ಇರುವ ಸಖಿ ಕೇಂದ್ರದಲ್ಲಿ ಐದು ದಿನದವರೆಗೆ ಉಳಿಯಲು ಜಾಗ ಕೊಡುತ್ತಾರೆ, ವಕೀಲರ ನೆರವೂ ಅಲ್ಲೇ ಸಿಗುತ್ತದೆ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಗಂಡನ ಮನೆಗೆ ಮಾತ್ರ ಎಂದು ಬಹಳ ಜನ ತಿಳಿದಿದ್ದಾರೆ. ಹುಟ್ಟಿದ ಮನೆಯಲ್ಲಿರುವ ಮಗಳಿಗೂ, ತಂಗಿಗೂ ಅದು ಅನ್ವಯಿಸುತ್ತದೆ.

ಇನ್ನು ಕಾಗದ. ಬೇಕಾದದ್ದು ಆರು: ಆಧಾರ್, ಜನನ ಪ್ರಮಾಣಪತ್ರ, ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಶಾಲೆಯ ಟಿ.ಸಿ., ಪ್ಯಾನ್, ಬ್ಯಾಂಕ್ ಪಾಸ್‌ಬುಕ್. ಎಲ್ಲವನ್ನೂ ಒಂದೇ ದಿನ ಕಪಾಟಿನಿಂದ ತೆಗೆಯಬಾರದು. ಖಾಲಿ ಫೈಲು ಕಣ್ಣಿಗೆ ಬೀಳುತ್ತದೆ. ನಾನು ವಾರಕ್ಕೊಂದರಂತೆ ತೆಗೆದು ಫೋಟೊ ಹೊಡೆದು ವಾಪಸ್ ಇಟ್ಟೆ, ಪೇಟೆಗೆ ಹೋದಾಗ ಎರಡೆರಡು ಜೆರಾಕ್ಸ್ ಮಾಡಿಸಿದೆ. ಅಸಲು ಪ್ರತಿಗಳನ್ನು ಹೊರಟ ದಿನವೇ ತೆಗೆದದ್ದು. ಹಳೆಯ ಫೈಲಿನಲ್ಲಿ ಅಷ್ಟೇ ದಪ್ಪದ ಬೇರೆ ಕಾಗದ ತುಂಬಿಟ್ಟೆ. ಘಟ್ಟದ ಥಂಡಿಗೆ ಲ್ಯಾಮಿನೇಶನ್ ಇಲ್ಲದ ಹಳೆಯ ಅಂಕಪಟ್ಟಿ ಬೂಸಲು ಹಿಡಿದಿರುತ್ತದೆ, ಪ್ಲಾಸ್ಟಿಕ್ ಕವರಿಗೆ ಹಾಕುವ ಮೊದಲು ಒಂದು ದಿನ ನೆರಳಿನಲ್ಲಿ ಒಣಗಿಸಿ.

ಅಸಲು ಪ್ರತಿ ಪಂಥದ ಕಚೇರಿಯಲ್ಲೇ ಇದ್ದು ಕೊಡುವುದಿಲ್ಲ ಎಂದರೆ ಹೆದರಬೇಕಾದ್ದಿಲ್ಲ. ಆಧಾರ್ ಕೇಂದ್ರದಲ್ಲಿ ಹೆಬ್ಬೆಟ್ಟು ಕೊಟ್ಟರೆ ನಿಮ್ಮ ಸಂಖ್ಯೆ ಮತ್ತೆ ಸಿಗುತ್ತದೆ. ಅಂಕಪಟ್ಟಿಯ ನಕಲಿಗೆ ನೀವು ಓದಿದ ಶಾಲೆಯ ಮುಖ್ಯ ಶಿಕ್ಷಕರ ಮೂಲಕ ಪರೀಕ್ಷಾ ಮಂಡಳಿಗೆ ಅರ್ಜಿ ಹಾಕಬೇಕು. ಶಾಲೆಯೂ ಪಂಥದ್ದೇ ಆಗಿದ್ದರೆ ಮೊದಲು ದಾಖಲೆಗಳ ಸರ್ಕಾರಿ ಆ್ಯಪ್ ಆದ ಡಿಜಿಲಾಕರ್‌ನಲ್ಲಿ ಹುಡುಕಿ ನೋಡಿ. ಶಾಲೆಗೇ ಹೋಗದೆ ಒಳಗೇ ಪಾಠ ಹೇಳಿಸಿಕೊಂಡವರಿಗೆ ಕೇಂದ್ರ ಸರ್ಕಾರದ ಮುಕ್ತ ಶಾಲೆ ಎನ್‌ಐಒಎಸ್‌ನ ದಾರಿ ಇದೆ. ಹದಿನಾಲ್ಕು ತುಂಬಿದ ಯಾರೂ ಹತ್ತನೇ ತರಗತಿಗೆ ಕಟ್ಟಬಹುದು, ವಯಸ್ಸಿನ ಮೇಲ್ಮಿತಿ ಇಲ್ಲ.

ಕಾಗದಕ್ಕಿಂತ ಹೆಚ್ಚು ಜನ ಸಿಕ್ಕಿಬೀಳುವುದು ಫೋನಿನಲ್ಲಿ. ನಿಮ್ಮ ಕೈಲಿರುವ ಸಿಮ್ ಯಾರ ಹೆಸರಿನಲ್ಲಿದೆ? ಅಪ್ಪಯ್ಯನ ಹೆಸರಿನಲ್ಲೋ ಪಂಥದ ಹೆಸರಿನಲ್ಲೋ ಇದ್ದರೆ ನೀವು ಹೊರಟ ಮಾರನೇ ದಿನ ಅವರು ಅದನ್ನು ನಿಲ್ಲಿಸಿ ಅದೇ ನಂಬರಿನ ಹೊಸ ಸಿಮ್ ತೆಗೆದುಕೊಳ್ಳಬಹುದು. ಆಗ ಬ್ಯಾಂಕಿನ ಒಟಿಪಿ, ಆಧಾರ್ ಒಟಿಪಿ ಎಲ್ಲ ಅವರ ಕೈಗೆ. ಹಾಗಾಗಿ ಮೊದಲು ನಿಮ್ಮದೇ ಆಧಾರ್ ಕೊಟ್ಟು ಹೊಸ ಸಿಮ್ ಕೊಳ್ಳಿ, ಆಧಾರ್ ಕೇಂದ್ರಕ್ಕೆ ಖುದ್ದು ಹೋಗಿ ಆ ನಂಬರನ್ನು ಜೋಡಿಸಿ, ಅದಾದ ಮೇಲೆ ಬ್ಯಾಂಕಿನಲ್ಲಿ ಬದಲಿಸಿ. ಈ ಮೂರರ ಕ್ರಮ ಹಿಂದುಮುಂದಾದರೆ ಬ್ಯಾಂಕಿನ ಸಂದೇಶ ಹಳೆಯ ನಂಬರಿಗೇ ಹೋಗಿ ಗುಟ್ಟು ಬಯಲಾಗುತ್ತದೆ. ವಾಟ್ಸಾಪ್‌ನಲ್ಲಿ 'ಲಿಂಕ್ಡ್ ಡಿವೈಸಸ್' ತೆರೆದು ಬೇರೆ ಕಂಪ್ಯೂಟರಿಗೆ ಜೋಡಿಸಿದ್ದಾರೋ ನೋಡಿ. ಗೂಗಲ್ ಖಾತೆಯನ್ನು ಮನೆಯವರು ಯಾರಾದರೂ ಮಾಡಿಕೊಟ್ಟಿದ್ದರೆ ಪಾಸ್‌ವರ್ಡ್ ಬದಲಿಸುವ ಗೋಜಿಗೆ ಹೋಗದೆ ಹೊಸದೇ ಖಾತೆ ಮಾಡಿಕೊಳ್ಳಿ. ಹಳೆಯ ಖಾತೆಯಲ್ಲಿ ನೀವು ಇರುವ ಜಾಗ ಅವರಿಗೆ ಕಾಣುತ್ತಿರಬಹುದು.

ಬ್ಯಾಂಕ್ ಖಾತೆ ಒಂಟಿ ಹೆಸರಿನಲ್ಲಿರಲಿ, ಕನಿಷ್ಠ ಮೊತ್ತ ಬೇಡದ ಮೂಲ ಉಳಿತಾಯ ಖಾತೆ ಸಾಕು. ಊರಿನ ಶಾಖೆ ಬೇಡ. ಕೌಂಟರಿನಲ್ಲಿ ಕೂತವರು ಸತ್ಸಂಗದಲ್ಲಿ ಸಿಗುವವರೇ ಆಗಿದ್ದರೆ ನಿಮ್ಮ ಖಾತೆಯ ಸುದ್ದಿ ಸಂಜೆಯೊಳಗೆ ಮನೆ ಮುಟ್ಟುತ್ತದೆ. ಮೂರು ತಿಂಗಳಿಗೆಂದು ನಾನು ಹಾಕಿದ ಲೆಕ್ಕ ಹೀಗಿತ್ತು: ಕೋಣೆಯ ಮುಂಗಡ 20,000, ಬಾಡಿಗೆ ತಿಂಗಳಿಗೆ 4,000ದಂತೆ 12,000, ಒಲೆ ಪಾತ್ರೆ ಹಾಸಿಗೆಗೆ 7,000, ಊಟಕ್ಕೆ 10,500, ಔಷಧಿಗೆ 3,000, ಫೋನು ಬಸ್ಸು ಜೆರಾಕ್ಸಿಗೆ 2,500. ಒಟ್ಟು 55,000. ಸೀರೆಗೆ ಫಾಲ್ ಹೊಲಿದು, ಮದುವೆ ಮನೆಗಳ ಹಪ್ಪಳ ಮಾಡಿಕೊಟ್ಟು ಕೂಡಿಸಿದ್ದು. ಔಷಧಿಯ ಬಾಬ್ತು ಕಡಿಮೆಯಾಗಿತ್ತು. ಹಲ್ಲು, ಕಣ್ಣು, ರಕ್ತಹೀನತೆ ಎಂದು ವರ್ಷಗಟ್ಟಲೆ ಮುಂದೂಡಿದ್ದೆಲ್ಲ ಹೊರಗೆ ಬಂದ ಕೂಡಲೇ ಒಟ್ಟಿಗೆ ಎದ್ದು ಕೂರುತ್ತದೆ. ಅದಕ್ಕೆ ದುಪ್ಪಟ್ಟು ಇಟ್ಟುಕೊಳ್ಳಿ.

ಊರು ಆರಿಸುವಾಗ ನನ್ನ ಅಭಿಪ್ರಾಯ ಖಡಾಖಂಡಿತ: ಶಿರಸಿ, ಸಿದ್ದಾಪುರ, ಯಲ್ಲಾಪುರದಲ್ಲಿ ಕೋಣೆ ಹಿಡಿಯಬೇಡಿ. ಬಾಡಿಗೆ ಕೇಳಲು ಹೋದರೆ ಮೊದಲ ಪ್ರಶ್ನೆಯೇ "ಯಾವ ಊರಾತು, ಯಾರ ಮನೆ ಪೈಕಿ?" ಎರಡು ಉತ್ತರಕ್ಕೆ ನಿಮ್ಮ ಮೂರು ತಲೆಮಾರು ಹೊರಬರುತ್ತದೆ. ಕಾರವಾರ ಆ ಮಟ್ಟಿಗೆ ಸಲೀಸು. ನೌಕಾನೆಲೆ, ಕೈಗಾ ಅಣು ವಿದ್ಯುತ್ ಸ್ಥಾವರ, ಜಿಲ್ಲಾ ಕಚೇರಿಗಳಿಂದಾಗಿ ವರ್ಗವಾಗಿ ಬಂದುಹೋಗುವ ಜನ ಅಲ್ಲಿ ಜಾಸ್ತಿ, ಒಬ್ಬರೇ ಕೋಣೆ ಕೇಳಿದರೆ ಯಾರೂ ಹುಬ್ಬೇರಿಸುವುದಿಲ್ಲ. ಕೊಂಕಣಿ ಬಂದರೆ ಒಳ್ಳೆಯದು, ಬಾರದಿದ್ದರೂ ನಡೆಯುತ್ತದೆ.

ಮಳೆಗಾಲದಲ್ಲಿ ಹೊರಡಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಟ್ಟದ ರಸ್ತೆ ಯಾವಾಗ ಕುಸಿಯುತ್ತದೋ ಹೇಳಲಾಗದು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದಾಗ ಹೆದ್ದಾರಿಯೇ ಬಂದಾಗಿತ್ತು. ಕೊಂಕಣ ರೈಲಿಗೂ ಮಳೆಗಾಲದ ವೇಳಾಪಟ್ಟಿ ಬೇರೆ. ಅರ್ಧದಾರಿಯಲ್ಲಿ ಸಿಕ್ಕಿಕೊಂಡರೆ ತೆರೆದಿರುವ ಬಾಗಿಲು ಹಳೆಯ ಮನೆಯದು ಮಾತ್ರ. ನವೆಂಬರ್ ಒಳ್ಳೆಯದು. ಅಡಿಕೆ ಕೊಯ್ಲಿನ ಗಡಿಬಿಡಿಯಲ್ಲಿ ಮನೆಮಂದಿಯ ಗಮನ ಅಂಗಳದಲ್ಲಿರುತ್ತದೆ. ಹೆಂಗಸರು ಶಕ್ತಿ ಯೋಜನೆಯ ಸರ್ಕಾರಿ ಬಸ್ಸಿನಲ್ಲಿ ಆಧಾರ್ ತೋರಿಸಿ ಕಾಸಿಲ್ಲದೆ ಕಾರವಾರ ಮುಟ್ಟಬಹುದು. ಆದರೆ ಊರಿನ ನಿಲ್ದಾಣದಲ್ಲಿ ಹತ್ತಬೇಡಿ, ಕಂಡಕ್ಟರನಿಗೂ ನಿಮ್ಮ ಮನೆ ಗೊತ್ತಿರುತ್ತದೆ.

ಹೊರಟ ದಿನವೇ ಮಾಡಬೇಕಾದ ಕೆಲಸವೆಂದರೆ ಪೊಲೀಸರಿಗೆ ಪತ್ರ. ಮನೆಯವರು ನಾಪತ್ತೆ ದೂರು ಕೊಟ್ಟೇ ಕೊಡುತ್ತಾರೆ, ಕೊಟ್ಟ ಮೇಲೆ ಹುಡುಕುವುದು ಪೊಲೀಸರ ಕೆಲಸ. ಪತ್ರ ಮೊದಲೇ ತಲುಪಿದ್ದರೆ ಹುಡುಕಾಟ ಒಂದು ಹೇಳಿಕೆಯಲ್ಲಿ ಮುಗಿಯುತ್ತದೆ. ಒಂದು ಪ್ರತಿ ಊರಿನ ಠಾಣೆಗೆ, ಒಂದು ಕಾರವಾರದ ಎಸ್.ಪಿ. ಕಚೇರಿಗೆ, ಎರಡೂ ಸ್ಪೀಡ್ ಪೋಸ್ಟ್‌ನಲ್ಲಿ. ರಶೀದಿ ಬಿಸಾಡಬೇಡಿ. ನಾನು ಬರೆದದ್ದು ಇಷ್ಟೇ:

"ನಾನು ವಯಸ್ಕಳಾಗಿದ್ದು, ಈ ದಿನ ನನ್ನ ಸ್ವಂತ ಇಚ್ಛೆಯಿಂದ ಮನೆ ಬಿಟ್ಟು ಬೇರೆ ವಾಸವಾಗಿದ್ದೇನೆ. ನನ್ನನ್ನು ಯಾರೂ ಅಪಹರಿಸಿಲ್ಲ, ಯಾರ ಒತ್ತಾಯವೂ ಇಲ್ಲ. ನನ್ನ ದಾಖಲೆ, ಬಟ್ಟೆ ಮತ್ತು ನನ್ನ ಸ್ವಂತ ದುಡಿಮೆಯ ಹಣ ಬಿಟ್ಟು ಮನೆಯಿಂದ ಬೇರೇನನ್ನೂ ತಂದಿಲ್ಲ. ನಾಪತ್ತೆ ದೂರು ಬಂದಲ್ಲಿ ಕೆಳಗಿನ ನಂಬರಿಗೆ ಕರೆದರೆ ಹಾಜರಾಗಿ ಹೇಳಿಕೆ ಕೊಡುತ್ತೇನೆ. ನನ್ನ ವಿಳಾಸ ಮನೆಯವರಿಗೆ ತಿಳಿಸಬಾರದೆಂದು ವಿನಂತಿ."

ಮೂರನೇ ವಾಕ್ಯ ಬಿಡಬೇಡಿ. ನಾಪತ್ತೆ ದೂರು ನಿಲ್ಲದಿದ್ದರೆ ಮುಂದೆ ಬರುವುದು ಚಿನ್ನ ಕದ್ದ ದೂರು. ಅದಕ್ಕೇ ಮನೆಯ ಒಡವೆ, ನಿಮ್ಮ ಕೊರಳಲ್ಲಿದ್ದದ್ದನ್ನೂ ಸೇರಿಸಿ, ಬಿಚ್ಚಿಟ್ಟು ಫೋಟೊ ತೆಗೆದು ಬನ್ನಿ. ನಿಮಗೆಂದೇ ಕೊಟ್ಟ ಒಡವೆ, ಅಂದರೆ ಸ್ತ್ರೀಧನವಾದರೆ ಆಮೇಲೆ ಕಾನೂನಿನ ಮೂಲಕ ಕೇಳಬಹುದು. ಮಕ್ಕಳಿದ್ದರೆ ಮಾತ್ರ ಈ ಇಡೀ ಲೆಕ್ಕ ಬದಲಾಗುತ್ತದೆ: ವಕೀಲರನ್ನು ಕಾಣುವ ಮೊದಲು ಒಂದು ಹೆಜ್ಜೆಯನ್ನೂ ಇಡಬೇಡಿ. ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ, ಸಹಾಯವಾಣಿ 15100.

ಆಸ್ತಿಯ ವಿಷಯದಲ್ಲಿ ಒಂದೇ ಸೂತ್ರ, ಯಾವ ಕಾಗದಕ್ಕೂ ಸಹಿ ಬೇಡ. "ಹೋಗುವುದಾದರೆ ಹೋಗು, ಇದಕ್ಕೊಂದು ಸಹಿ ಹಾಕು" ಎಂದು ಮುಂದಿಡುವುದು ಹಕ್ಕು ಬಿಡುಗಡೆ ಪತ್ರ. ಪಂಥ ಬಿಟ್ಟದ್ದಕ್ಕೆ ತೋಟದ ಪಾಲು ಹೋಗುವುದಿಲ್ಲ. ಹಿಂದೂ ಕುಟುಂಬದಲ್ಲಿ ಪಿತ್ರಾರ್ಜಿತದಲ್ಲಿ ಮಗಳಿಗೂ ಹುಟ್ಟಿನಿಂದಲೇ ಮಗನಷ್ಟೇ ಹಕ್ಕು ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ನೀವು ದೀಕ್ಷೆಯ ವಸ್ತ್ರ ಉಟ್ಟಿದ್ದಿರಿ, ಹಾಗಾಗಿ ಪಾಲಿಲ್ಲ ಎಂದು ಹೆದರಿಸುವವರೂ ಇದ್ದಾರೆ. ವಸ್ತ್ರ ಉಟ್ಟ ಮಾತ್ರಕ್ಕೆ ಕಾನೂನಿನ ಕಣ್ಣಿಗೆ ಯಾರೂ ಸಂನ್ಯಾಸಿ ಆಗುವುದಿಲ್ಲ, ವಿಧಿವತ್ತಾದ ಸಂನ್ಯಾಸ ನಡೆದಿರಬೇಕು. ಈಗಾಗಲೇ ದಾನಪತ್ರ ನೋಂದಾಯಿಸಿಕೊಟ್ಟಿದ್ದರೂ ಕೈಚೆಲ್ಲಬೇಡಿ. ಗುರುವಿನ ಪ್ರಭಾವಕ್ಕೆ ಸಿಕ್ಕು ಆಸ್ತಿಯನ್ನೆಲ್ಲ ಬರೆದುಕೊಟ್ಟ ಶಿಷ್ಯನ ದಾನವನ್ನು ಅಲಹಾಬಾದ್ ಹೈಕೋರ್ಟ್ 1890ರಷ್ಟು ಹಿಂದೆಯೇ ಒಪ್ಪಲಿಲ್ಲ. ಆದರೆ ಪತ್ರ ರದ್ದು ಕೇಳಲು ಮೂರು ವರ್ಷದ ಗಡುವು ಇದೆ, ದಿನ ಎಣಿಸುವುದು ವಕೀಲರಿಗೆ ಬಿಡಿ. ಪಂಥದ ಬಗ್ಗೆ ಫೇಸ್‌ಬುಕ್‌ನಲ್ಲಿ ಬರೆಯುವ ಆಸೆಯನ್ನೂ ಇದೆಲ್ಲ ಮುಗಿಯುವವರೆಗೆ ತಡೆದುಕೊಳ್ಳಿ. ಮಾನನಷ್ಟದ, ಧಾರ್ಮಿಕ ಭಾವನೆಗೆ ಧಕ್ಕೆಯ ಕೇಸು ಹಾಕಿದರೆ ಕೂಡಿಟ್ಟ ಹಣವೆಲ್ಲ ಕೋರ್ಟಿನ ಮೆಟ್ಟಿಲಿಗೇ ಹೋಗುತ್ತದೆ.

ಕೆಲಸ ಕೇಳುವಾಗ ಒಳಗಿನ ವರ್ಷಗಳನ್ನು ಬಚ್ಚಿಡಬೇಡಿ, ಹೊರಗಿನ ಭಾಷೆಯಲ್ಲಿ ಬರೆಯಿರಿ. 'ಸೇವೆ ಮಾಡಿದ್ದೇನೆ' ಎಂದರೆ ಯಾರಿಗೂ ಅರ್ಥವಾಗುವುದಿಲ್ಲ. 'ಎಂಟು ವರ್ಷ ದಿನಕ್ಕೆ 150 ಎಲೆಯ ಅಡುಗೆ, ಸಾಮಾನಿನ ಲೆಕ್ಕ, ಉಗ್ರಾಣ' ಎಂದು ಬರೆದರೆ ಹಾಸ್ಟೆಲಿನವರು ಕರೆಯುತ್ತಾರೆ. ಮನೆಯಿಂದಲೇ ಡಬ್ಬಿ ಊಟ ಕೊಡುವುದಾದರೆ ಸಣ್ಣ ವ್ಯಾಪಾರಕ್ಕೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ಸಾಕು, ವರ್ಷಕ್ಕೆ 100 ರೂಪಾಯಿ. ಹಳಿಯಾಳದ ಕೆನರಾ ಬ್ಯಾಂಕ್ ದೇಶಪಾಂಡೆ ಆರ್‌ಸೆಟಿ ಎಂಬ ಸ್ವಉದ್ಯೋಗ ತರಬೇತಿ ಸಂಸ್ಥೆಯಲ್ಲಿ ಗ್ರಾಮೀಣ ಯುವಜನರಿಗೆ ಊಟ ವಸತಿ ಸಮೇತ ಉಚಿತ ತರಬೇತಿ ನಡೆಯುತ್ತದೆ. ಕೋಣೆ ಸಿಗುವವರೆಗಿನ ಕೆಲವು ವಾರ ದಾಟಲು ಅದೂ ಒಂದು ದಾರಿ.

ಇಷ್ಟೆಲ್ಲ ಸರಿಯಾಗಿ ಮಾಡಿದವರೂ ವಾಪಸ್ ಹೋಗುವುದಿದ್ದರೆ ಸುಮಾರು ಮೂರನೇ ತಿಂಗಳಲ್ಲಿ. ಭಯವೂ ಓಡಾಟವೂ ಮುಗಿದಿರುತ್ತದೆ, ಹೊತ್ತು ಹೋಗುವುದಿಲ್ಲ. ಬೆಳಗಿನ ನಾಲ್ಕೂವರೆಗೆ ಎಚ್ಚರವಾಗುತ್ತದೆ, ಎದ್ದು ಮಾಡಲು ಏನೂ ಇಲ್ಲ. ಒಬ್ಬರಿಗೆ ಅನ್ನಕ್ಕಿಟ್ಟರೆ ಕೈ ತಪ್ಪಿ ಆರು ಜನರದ್ದು ಆಗಿರುತ್ತದೆ, ಪಾತ್ರೆ ನೋಡಿದರೇ ಅಳು. ಸಣ್ಣ ಜ್ವರ ಬಂದರೂ ಶಾಪ ತಟ್ಟಿತೇ ಎನಿಸುತ್ತದೆ. ಎಚ್ಚರವಾಗುವ ಹೊತ್ತನ್ನು ಬದಲಿಸಲು ಹೆಣಗಬೇಡಿ, ಆ ಹೊತ್ತಿಗೆ ಕೆಲಸ ಹಚ್ಚಿ. ನಾನು ಕಡಲ ದಂಡೆಯಲ್ಲಿ ಒಂದು ತಾಸು ನಡೆದು ಬಂದು ಡಬ್ಬಿಯ ಅಡುಗೆ ಹಿಡಿಯುತ್ತಿದ್ದೆ. ಸಂಜೆಯ ಸತ್ಸಂಗದ ಹೊತ್ತಿಗೆ ಗ್ರಂಥಾಲಯ. ನಿದ್ದೆ ಎರಡು ವಾರ ಕೈಕೊಟ್ಟರೆ, ಬದುಕೇ ಬೇಡ ಎನ್ನಿಸಿದರೆ ಅದೇ ಗಳಿಗೆಯಲ್ಲಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಹಬ್ಬಗಳಿಗೆ ಮೊದಲೇ ಏರ್ಪಾಡು ಬೇಕು. ಚೌತಿಯ ಮೊದಲಿನ ಚಕ್ಕುಲಿ ಕಂಬಳದ ದಿನ ಅತಿ ಕಷ್ಟ. ಇಡೀ ಕೇರಿ ಒಂದು ಮನೆಯಲ್ಲಿ ಸೇರಿ ಕೈಯಲ್ಲಿ ಸುತ್ತುವ ಚಕ್ಕುಲಿಯ ವಾಸನೆ ಕಾರವಾರದ ಕೋಣೆಗೂ ಬರುತ್ತದೆ. ಆ ದಿನ ಒಬ್ಬರೇ ಇರಬೇಡಿ. ಒಂದು ಸೇರು ಅಕ್ಕಿಯ ಹಿಟ್ಟು ಮಾಡಿ ಅಕ್ಕಪಕ್ಕದವರನ್ನು ಕರೆಯಿರಿ. ಸುತ್ತಲು ಬಾರದವರು ಸುತ್ತಿದ್ದು ಒಡೆದುಹೋಗುತ್ತದೆ, ಹೋಗಲಿ. ದೇವರಿಗೆ ದೀಪ ಹಚ್ಚಬೇಕು ಅನ್ನಿಸಿದರೆ ಹಚ್ಚಿ, ಬೇಡವೆನಿಸಿದರೆ ಬಿಡಿ. ಅದನ್ನು ಯಾರಿಗೂ ವರದಿ ಒಪ್ಪಿಸಬೇಕಾಗಿಲ್ಲ.

ಮನೆಗೆ ಮೊದಲ ಕರೆ ನಾಲ್ಕೈದು ವಾರ ಬಿಟ್ಟು ಮಾಡಿ, ಅಲ್ಲಿಂದ ಮುಂದೆ ವಾರಕ್ಕೊಂದೇ ದಿನ, ಹತ್ತು ನಿಮಿಷ. ಎದುರಿಗೆ ಗಡಿಯಾರ ಇರಲಿ. ಮಳೆ, ತೋಟ, ಕೊಟ್ಟಿಗೆ, ಆಯಿಯ (ಅಮ್ಮನ) ಮಂಡಿನೋವು, ಇವಿಷ್ಟೇ ಮಾತು. ಗುರುಗಳ ವಿಷಯ ಬಂದರೆ "ಆಯಿ, ಆ ಸುದ್ದಿ ಬ್ಯಾಡ" ಎಂದು ಒಂದು ಸಲ ಹೇಳಿ, ಎರಡನೇ ಸಲ ಬಂದರೆ "ಮುಂದಿನ ವಾರ ಮಾಡ್ತೆ" ಎಂದು ಇಡಿ. ಮುಂದಿನ ವಾರ ಅದೇ ಹೊತ್ತಿಗೆ ತಪ್ಪದೆ ಮಾಡಿ. ನಾಲ್ಕನೇ ತಿಂಗಳ ಹೊತ್ತಿಗೆ ಆ ಕಡೆಯಿಂದಲೇ ಮಂಡಿನೋವಿನ ಮಾತು ಮೊದಲು ಬರತೊಡಗುತ್ತದೆ.