ರೆಸಿನ್ ಟ್ಯಾಂಕಿನ ಬಣ್ಣ ಸಿಪ್ಪೆಯಂತೆ ಎದ್ದಾಗ

1965ರ ಯುದ್ಧದಲ್ಲಿ ನಮ್ಮ ಸೇನೆ ಓಡಿಸಿದ ಸೆಂಚುರಿಯನ್ ಟ್ಯಾಂಕಿನ 1/35 ಅಳತೆಯ ರೆಸಿನ್ (ಅಚ್ಚಿಗೆ ಸುರಿದು ಗಟ್ಟಿ ಮಾಡುವ ಪ್ಲಾಸ್ಟಿಕ್‌ನಂಥ ವಸ್ತು) ಮಾದರಿ ಕಟ್ಟುತ್ತಿದ್ದೆ. ಹಸಿರು ಬಣ್ಣ ಹೊಡೆದು, ಗುರುತು ಬರೆಯಲು ಅಂಟಿಸಿದ್ದ ಮಾಸ್ಕಿಂಗ್ ಟೇಪ್ ಎಳೆದೆ ನೋಡಿ, ಟರೆಟ್‌ನ, ಅಂದರೆ ಫಿರಂಗಿ ಕೂರುವ ಮೇಲಿನ ಗೋಪುರದ, ಬಣ್ಣವೆಲ್ಲ ಈರುಳ್ಳಿ ಸಿಪ್ಪೆಯಂತೆ ಎದ್ದು ಬಂತು. ಕೆಳಗೆ ಬರೀ ರೆಸಿನ್!

ಮೊದಲು ಬಣ್ಣವನ್ನೇ ಬೈದೆ. ತಪ್ಪು ಅದರದ್ದಲ್ಲ. ರೆಸಿನ್ ಭಾಗಗಳು ಅಚ್ಚಿನಿಂದ ಸಲೀಸಾಗಿ ಬಿಡಲಿ ಅಂತ ಹಚ್ಚುವ ಜಿಡ್ಡು ಅವುಗಳ ಮೇಲೆ ಹಾಗೇ ಉಳಿದಿತ್ತು. ನಾನು ತೊಳೆದೇ ಇರಲಿಲ್ಲ.

ಬಣ್ಣ ಪೂರ್ತಿ ತೆಗೆದೆ. ಪಾತ್ರೆ ಸೋಪು, ಉಗುರುಬೆಚ್ಚಗಿನ ನೀರು, ಹಳೇ ಟೂತ್‌ಬ್ರಷ್ ಹಿಡಿದು ಮೂಲೆಮೂಲೆ ಉಜ್ಜಿದೆ. ರಾತ್ರಿಯಿಡೀ ಒಣಗಿಸಿ, 600 ನಂಬರಿನ ವಾಟರ್ ಪೇಪರ್ ಒದ್ದೆ ಮಾಡಿ ಹಗುರಾಗಿ ತಿಕ್ಕಿದೆ. ನೀರಿಲ್ಲದೆ ತಿಕ್ಕಬೇಡಿ, ರೆಸಿನ್ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಆಮೇಲೆ ಪ್ರೈಮರ್ (ಬಣ್ಣ ಹಿಡಿದು ಕೂರಲು ಮೊದಲು ಹೊಡೆಯುವ ಪದರ), ತೆಳುವಾಗಿ ಎರಡು ಸಲ.

ಫಿರಂಗಿ ನಳಿಗೆ ಬೇರೆ ಬಾಳೆಕಾಯಿ ಥರ ಬಾಗಿತ್ತು. ಬಿಸಿನೀರಿನಲ್ಲಿ ಅದ್ದಿದೆ, ಮೆತ್ತಗಾಯಿತು. ಗಾಜಿನ ಮೇಲೆ ಉರುಳಿಸಿ ನೇರ ಮಾಡಿ, ತಕ್ಷಣ ತಣ್ಣೀರಿಗೆ ಹಾಕಿದೆ. ಆ ಬಿಸಿನೀರು ಟೀಗೆ ಇಟ್ಟಿದ್ದು, ಮನೆಯಲ್ಲಿ ಬೈಸಿಕೊಂಡೆ ಬಿಡಿ.

ಈ ಸಲ ಟೇಪ್ ಎಳೆದಾಗ ಬಣ್ಣ ಚೂರೂ ಏಳಲಿಲ್ಲ.